ಘರಾಣೆ: ಇತರೆ

ಬನಹಟ್ಟಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್.
ಪಹಣಿ, ಪ್ಯಾನ್ ಕಾರ್ಡು, ಪಿಂಚಣಿ,
ಮಾರ್ಕ್ಸ್ ಕಾರ್ಡಿನಲ್ಲಿ ತಪ್ಪಿದ ಹೆಸರು.
ಎಡಕ್ಕೂ ಲೂಮು, ಬಲಕ್ಕೂ ಲೂಮು.
ಮೇಜಿನ ಮೇಲಿಟ್ಟ ಚಹಾದ ಲೋಟ
ತಾನೇ ನಡುಗುತ್ತ ಅಂಚಿಗೆ ಸರಿಯುತ್ತದೆ.

ಯಲಗೂರೇಶ ಭಜಂತ್ರಿ ಬಂದದ್ದು
ಕೊನೆಯ ತಾರೀಖಿಗೆ ಎಂಟು ದಿನ ಇರುವಾಗ.
ಕಿಸೆಯಲ್ಲಿ ಪೇಪರಿನ ತುಣುಕು:
ದೊಡ್ಡ ವಿಶ್ವವಿದ್ಯಾಲಯ, ಸಂಗೀತ ವಿಭಾಗ,
ಇಡೀ ದೇಶಕ್ಕೆ ಹನ್ನೆರಡು ಸೀಟು.
‘ಅಕ್ಕಾ, ನೀವ ತುಂಬಿಕೊಡ್ರಿ. ತಪ್ಪಾಗಬಾರದು.’

ತಂದೆಯ ಹೆಸರು: ದುರಗಪ್ಪ.
ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಎರಡು ಸಲ ತಾಳೆ ನೋಡಿದೆ.
ವಾದ್ಯ: ಶಹನಾಯಿ.
‘ಮನ್ಯಾಗ ಸನಾದಿ ಅಂತೀವ್ರಿ.’
ಅವರ ಪಟ್ಟಿಯಲ್ಲಿ ಸನಾದಿ ಇರಲಿಲ್ಲ.

ಘರಾಣೆ? ಬಾಣದ ಗುರುತು ಒತ್ತಿದರೆ
ಕಿರಾಣಾ, ಗ್ವಾಲಿಯರ್, ಜೈಪುರ,
ಊರೂರುಗಳೇ ಜಾರಿ ಕೆಳಗಿಳಿದವು.
ತಳಕ್ಕೆ ಹೋಗಿ ಮುಟ್ಟಿದ್ದು ‘ಇತರೆ’.
ಇತರೆ ಎಂದರೆ ಯಾವುದು, ಬರೆಯಿರಿ ಎಂದು
ಮತ್ತೊಂದು ಖಾನೆ ಬಾಯಿ ತೆರೆಯಿತು.
‘ಮದುವಿ ಮನಿ ಹೊರಗಿನ ಕಟ್ಟಿ, ಅಂತ ಹಾಕ್ರಿ’
ಅಂದು ಅವನು ನಕ್ಕ.
ನಾನು ನಗಲಿಲ್ಲ, ಅದನ್ನು ಹಾಕಲೂ ಇಲ್ಲ.
ಬನಹಟ್ಟಿ ಎಂದು ಹೊಡೆದು ಮುಂದೆ ಹೋದೆ.

ಗುರುವಿನ ಹೆಸರು: ದುರಗಪ್ಪ.
ಅಭ್ಯಾಸ: ಹದಿಮೂರು ವರ್ಷ.
ಏನು ಕಲಿತಿರಿ, ವಿವರಿಸಿ, ಐನೂರು ಪದ ಮೀರದಂತೆ.

‘ಮೊದಲ ಏಳು ವರ್ಷ ಬರೇ ಶ್ರುತಿ ಹಿಡದೇನ್ರಿ.
ಅಪ್ಪ ಊದತಿದ್ದ, ಹಿಂದ ನಿಂತು ನಾ ಸಾ.
ಅಕ್ಕಿಕಾಳು ಬೀಳೂತನ ಸಾ,
ಕಡೀ ಪಂಕ್ತಿ ಏಳೂತನ ಸಾ,
ಗಲ್ಲ ಉಬ್ಬಿಸಿ, ಮೂಗಿಲೆ ಎಳಕೊಂಡು, ಉಸಿರು ಕಡೀದ ಹಂಗ.
ಜಮಖಂಡ್ಯಾಗ ಒಮ್ಮಿ ನಿಂತಲ್ಲೇ ನಿದ್ದಿ ಹತ್ತಿತ್ತು.
ಸಾ ಬಿಟ್ಟಿದ್ದಿಲ್ಲ ಅಕ್ಕಾ.’

ಐನೂರು ಪದಕ್ಕೆ ನನಗೆ ಸಿಕ್ಕಿದ್ದು ಒಂದೇ ಅಕ್ಷರ.

ಆಮೇಲೆ ವಿಡಿಯೊ. ಒಂದೇ ಟೇಕು, ಹತ್ತು ನಿಮಿಷ,
ಮುಖ ಕಾಣಬೇಕು, ಬೆರಳು ಕಾಣಬೇಕು,
ಹಿನ್ನೆಲೆಯಲ್ಲಿ ಸದ್ದು ಇರಕೂಡದು.
ಬನಹಟ್ಟಿಯಲ್ಲಿ ಸದ್ದಿಲ್ಲದ ಹತ್ತು ನಿಮಿಷ!
ಹೆಸ್ಕಾಂ ಲೈನ್‌ಮನ್‌ಗೆ ಫೋನ್ ಹಚ್ಚಿದೆ:
ಮಂಗಳವಾರ ಮೇಂಟೆನೆನ್ಸ್, ಐದರ ತನಕ ಕರೆಂಟಿಲ್ಲ.

ಮೂರೂವರೆಗೆ ನನ್ನ ಮಾಳಿಗೆಯ ಮೇಲೆ ಭೀಮಪಲಾಸ್.
ಲೂಮು ನಿಂತು ಹೊರಗೆ ಬಂದವರು ಸಂದಿಯಲ್ಲಿ ಕುಂತು
ತಂಬಾಕು ತಿಕ್ಕಿದರು, ಅಂಗೈ ತಟ್ಟಲಿಲ್ಲ.
ಮುಂದಿನ ಹಲ್ಲು ಬಿದ್ದ ಮೇಲೆ ದುರಗಪ್ಪನಿಗೆ
ರಾಗ ನಿಲ್ಲುವುದಿಲ್ಲ, ಸಾ ನಿಲ್ಲುತ್ತದೆ.
ಮೊಬೈಲಿನ ಚೌಕಟ್ಟು ದಾಟಿ, ನೀರಿನ ಟಾಕಿಯ ಹತ್ತಿರ,
ಅವನು ಮಗನ ಹಿಂದೆ ನಿಂತ.
ಎಂಟನೆಯ ನಿಮಿಷಕ್ಕೆ ಮಗ ತುಟಿ ಒರೆಸಿಕೊಳ್ಳುತ್ತಾನೆ;
ಚಿತ್ರದಲ್ಲಿ ಯಾರೂ ಊದುತ್ತಿಲ್ಲ,
ದನಿ ಮಾತ್ರ ಇದೆ.

ಸಾಥಿದಾರರ ಹೆಸರು?
ದುರಗಪ್ಪ, ಮೂರನೆಯ ಸಲ.
ಯಂತ್ರಕ್ಕೆ ಅನುಮಾನ, ಕೆಂಪಕ್ಷರದಲ್ಲಿ ಕೇಳಿತು:
ಈ ಹೆಸರು ಈಗಾಗಲೇ ನಮೂದಾಗಿದೆ. ಖಚಿತವೇ?
ಹೌದು ಒತ್ತಿದೆ.

ಫೈಲು ಇನ್ನೂರ ಹದಿನಾಲ್ಕು ಎಂಬಿ, ಅವರಿಗೆ ನೂರು ಸಾಕಂತೆ.
ಕುಗ್ಗಿಸಿ ಕೇಳಿದೆ. ಮಗ ಇದ್ದ.
ಹಿಂದಿನ ದನಿ ನೂಲಿನಷ್ಟು ತೆಳ್ಳಗಾಗಿತ್ತು.
ಇತ್ತು ಅನ್ನಿ, ಹೆಡ್‌ಫೋನ್ ಹಾಕಿದರೆ.

ಪ್ರಿಂಟಿಗೆ ಹತ್ತು ರೂಪಾಯಿ. ಕೊಟ್ಟ, ಇಸಕೊಂಡೆ.
ಹೊಸ್ತಿಲಲ್ಲಿ ತಿರುಗಿ ನಿಂತು ಅಂದ:
‘ಲೈಟ್ ಹೋದಾಗ ನಿಮ್ಮ ಯುಪಿಎಸ್ ಒದರತದಲ್ಲ,
ಅದು ಕೋಮಲ ನಿಷಾದ ಅಕ್ಕಾ. ಒಂಚೂರು ಇಳದದ.’

ಐದು ವಾರವಾಯಿತು. ಅವನ ಪಾಸ್‌ವರ್ಡ್ ನನಗೆ ಬಾಯಿಪಾಠ.
ಶಟರ್ ಎಳೆಯುವ ಮುಂಚೆ ಒಮ್ಮೆ ನೋಡುತ್ತೇನೆ:
ಪರಿಶೀಲನೆಯಲ್ಲಿದೆ.

ನಿನ್ನೆ ಪಹಣಿ ತೆಗೆಯುವಾಗ ಕರೆಂಟು ಹೋಯಿತು.
ಲೂಮುಗಳು ಮುಗ್ಗರಿಸಿ ನಿಂತವು, ಯುಪಿಎಸ್ ಒದರಿತು.
ಬಂದ್ ಮಾಡಲು ಚಾಚಿದ ಕೈ ಹಾಗೇ ಉಳಿಯಿತು.
‘ಏನಾತ್ರಿ?’ ಅಂದ ಪಹಣಿಯವ.
ಒಂದೀಟು ತಡೀರಿ, ಅಂದೆ.